ದೇವರ ಜಗಲಿಯ ಮೇಲಿನ ರಬ್ಬರ್ ಪೈಪು

ನಮ್ಮ ಮನೆಯ ದೇವರ ಜಗಲಿಯ ಮೇಲೆ ಮನೆದೇವರ ಫೋಟೋ, ಹಿತ್ತಾಳೆಯ ದೀಪ, ವಿಭೂತಿ ಗಟ್ಟಿ, ಇವುಗಳ ಪಕ್ಕದಲ್ಲಿ ಗೇಣುದ್ದದ ಒಂದು ಕಪ್ಪು ರಬ್ಬರ್ ಪೈಪು ಇದೆ. ಬೆಳಿಗ್ಗೆ ನನ್ನ ಹೆಂಡತಿ ಸುನಂದಾ ದೇವರಿಗೆ ಕುಂಕುಮ ಇಡುವಾಗ ಅದಕ್ಕೂ ಒಂದು ಬೊಟ್ಟು ಇಡುತ್ತಾಳೆ. ಮನೆಗೆ ಬಂದವರು ಕೈಮುಗಿಯಲು ಹೋಗಿ, ಕಣ್ಣು ಆ ಪೈಪಿನ ಮೇಲೆ ಬಿದ್ದು, ಅರ್ಧ ಜೋಡಿಸಿದ ಕೈ ಹಾಗೇ ನಿಲ್ಲಿಸುತ್ತಾರೆ. ಕೇಳಲು ಸಂಕೋಚ. ಮೂರನೇ ಮಹಡಿಯ ತೆಲುಗು ಹಿರಿಯರೊಬ್ಬರು ಅದು ಕರ್ನಾಟಕದ ಕಡೆಯ ಯಾವುದೋ ನಾಗದೇವರ ಪದ್ಧತಿ ಎಂದು ತಮ್ಮಷ್ಟಕ್ಕೆ ತೀರ್ಮಾನಿಸಿ, ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದರು. ನಾನು ತಿದ್ದಲಿಲ್ಲ. ತಿದ್ದಬೇಕೆಂದರೆ ಪೂರ್ತಿ ಕಥೆ ಹೇಳಬೇಕು, ಹೇಳಿದರೆ ನನ್ನ ಮಾನ ಅಲ್ಲಲ್ಲಿ ಹರಿಯುತ್ತದೆ.

ನಿಮ್ಮ ಮುಂದೆ ಹೇಳಬಹುದು. ನೀವೇನು ನಮ್ಮ ಅಪಾರ್ಟ್‌ಮೆಂಟಿನವರಲ್ಲ.

ನಾನು ಉಪ್ಪಲ್‌ನಲ್ಲಿ ಬೋರ್‌ವೆಲ್ ಪಂಪು ಮಾರುವ ಒಂದು ಕಂಪನಿಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ದಿನಾ ಕೂಕಟ್‌ಪಲ್ಲಿಯಲ್ಲಿ ಮೆಟ್ರೋ ಹತ್ತಿ, ಅಮೀರ್‌ಪೇಟೆಯಲ್ಲಿ ಇಳಿದು, ಇನ್ನೊಂದು ಮೆಟ್ರೋಗೆ ಓಡಿ ಹತ್ತಿ ಹೋಗುವವನು. ಯಾವ ಪಂಪು ಎಷ್ಟು ಆಳದಿಂದ ನೀರೆತ್ತುತ್ತದೆ ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳಬಲ್ಲೆ. ಆದರೆ ಇಪ್ಪತ್ತೇಳು ವರ್ಷಗಳಲ್ಲಿ ಒಂದೇ ಒಂದು ಪಂಪನ್ನೂ ಬಿಚ್ಚಿ ನೋಡಿದವನಲ್ಲ. ಕ್ಯಾಟಲಾಗಿನ ಚಿತ್ರಗಳನ್ನು ನೋಡಿ ನೋಡಿ ಯಂತ್ರವೆಂದರೆ ನನಗೆ ನೀರು ಕುಡಿದಷ್ಟು ಸುಲಭ ಎಂಬ ಭ್ರಮೆ ಬೆಳೆದುಬಿಟ್ಟಿದೆ. ಮನೆಯಲ್ಲಿ ಕಾರು ಓಡಿಸುವವಳು ಸುನಂದಾ. ಲಿಂಗಂಪಲ್ಲಿಯ ಶಾಲೆಯೊಂದರಲ್ಲಿ ಟೀಚರ್ ಆಗಿರುವ ಅವಳು ದಿನಾ ಅದರಲ್ಲೇ ಹೋಗಿಬರುತ್ತಾಳೆ. ರಜೆಯ ದಿನ ನಾನು ಪಕ್ಕದಲ್ಲಿ ಕೂತು ಎಂಜಿನ್ನಿನ ಸದ್ದಿನ ಬಗ್ಗೆ ಅಭಿಪ್ರಾಯ ಕೊಡುತ್ತೇನೆ.

ಇನ್ನು ಗಂಗಕ್ಕ. ನನಗಿಂತ ಹನ್ನೆರಡು ವರ್ಷ ದೊಡ್ಡವಳು, ನನ್ನನ್ನು ಬಗಲಲ್ಲಿ ಹೊತ್ತು ಬೆಳೆಸಿದವಳು. ಸಿಂದಗಿಯಲ್ಲಿ ನಮ್ಮಪ್ಪನ ಹಿಟ್ಟಿನ ಗಿರಣಿ ಇತ್ತು. ಅವ್ವ ಗಿರಣಿಯ ಬಾಗಿಲಲ್ಲಿ ಕೂತು ಜೋಳದ ಬುಟ್ಟಿಗಳ ಪಾಳಿ ನೋಡಿಕೊಳ್ಳುತ್ತಿದ್ದಳು. ಹೀಗಾಗಿ ನನ್ನ ಸ್ನಾನ, ನನ್ನ ಊಟ, ನನ್ನ ತಲೆಯ ಹೇನು ಎಲ್ಲವೂ ಅಕ್ಕನ ಪಾಲಿಗೆ ಬಂದಿದ್ದವು. ನನ್ನನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಅವಳು ಕೌದಿ ಹೊಲಿಯುತ್ತಿದ್ದಳು, ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ ಹೊಲಿಯುವ ಹೊದಿಕೆ. ಕೌದಿ ಹೊಲಿಯುವವರ ಒಂದು ಕೈ ಮೇಲೆ ಇದ್ದರೆ ಇನ್ನೊಂದು ಅಡಿಯಲ್ಲಿ ಇರುತ್ತದೆ. ಅಡಿಯ ಕೈ ಏನು ಮಾಡುತ್ತಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಸೂಜಿಯ ಮೊನೆ ಎಲ್ಲಿ ಬಂತು ಎನ್ನುವುದನ್ನು ಬೆರಳೇ ಕಂಡುಕೊಳ್ಳಬೇಕು. ನಾನು ಒಮ್ಮೆ ಕೌದಿಯ ಅಡಿ ತೂರಿ ಆ ಕೈಯನ್ನು ನೋಡಿದ್ದೆ. ಕತ್ತಲಲ್ಲಿ ಅದೊಂದೇ ತನ್ನ ಪಾಡಿಗೆ ತಾನು ಓಡಾಡಿಕೊಂಡಿತ್ತು. ಮೂಗಿಗೆ ಸೂಜಿ ಚುಚ್ಚಿಸಿಕೊಂಡು ಹೊರಬಂದೆ.

ಗಿರಣಿಯ ಎಂಜಿನ್ ಹಳೆಯ ಕಾಲದ್ದು. ಅದರ ತಲೆಯ ಮೇಲೆ ಬಾಯಿ ತೆರೆದ ನೀರಿನ ತೊಟ್ಟಿ. ಎಂಜಿನ್ ಓಡಿದಂತೆ ಆ ನೀರು ಕಾದು ಕುದಿಯುತ್ತಿತ್ತು, ಆಗಾಗ ತಣ್ಣೀರು ಸುರಿಯದಿದ್ದರೆ ಕೆಡುತ್ತಿತ್ತು. ಚರಿಗೆಯಿಂದ ನೀರು ಸುರಿಯುವ ಕೆಲಸ ಅಕ್ಕನದು. ನವರಾತ್ರಿಯ ಆಯುಧಪೂಜೆಗೆ ನಮ್ಮ ಕಡೆ ಖಂಡೆಪೂಜೆ ಅನ್ನುತ್ತಾರೆ. ಅವತ್ತು ಒಡೆದ ಮೊದಲ ತೆಂಗಿನಕಾಯಿಯ ನೀರು ನೇರ ಆ ತೊಟ್ಟಿಗೆ ಹೋಗುತ್ತಿತ್ತು. ನಾನು ಅಂಗೈ ಒಡ್ಡಿ ನಿಂತಿರುತ್ತಿದ್ದೆ. “ತಡಿಯೋ, ಮೊದಲ ಅದು ಕುಡೀಲಿ. ವರ್ಷಪೂರ್ತಿ ದುಡಿದೈತಿ, ನೀ ಏನ್ ದುಡಿದೀದಿ?” ಎಂದು ಅಕ್ಕ ನನ್ನ ಕೈ ಸರಿಸುತ್ತಿದ್ದಳು. ಆ ಎಂಜಿನ್ ಮೇಲೆ ನನಗೆ ಇದ್ದ ಹೊಟ್ಟೆಕಿಚ್ಚು ಇವತ್ತಿಗೂ ಪೂರ್ತಿ ಆರಿಲ್ಲ.

ಹೋದ ವರ್ಷ ದಸರೆಗೆ ಅಕ್ಕ ಬಂದದ್ದು ಹಬ್ಬಕ್ಕಲ್ಲ, ಕಣ್ಣಿನ ಆಪರೇಶನ್ನಿಗೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದು ಆಗಲೇ ಮಬ್ಬಾಗಿತ್ತು, ಇನ್ನು ತಡ ಮಾಡಬೇಡಿ ಎಂದು ಡಾಕ್ಟರು ಗದರಿದ್ದರು. ಎರಡು ವರ್ಷದಿಂದ ಅವಳು “ತಮ್ಮನ ಮನಿಗೆ ಯಾಕ ತ್ರಾಸ ಕೊಡೂದು” ಎಂದು ಮುಂದೂಡುತ್ತ ಬಂದಿದ್ದಳು. ಕೊನೆಗೆ ಸುನಂದಾ ಫೋನಿನಲ್ಲಿ ಅತ್ತು, ಸಿಟ್ಟು ಮಾಡಿ, ಊಟ ಬಿಡುತ್ತೇನೆಂದು ಹೆದರಿಸಿ ಕರೆಸಿಕೊಂಡಳು. ಹಬ್ಬವಾಗಿ ವಾರ ಕಳೆದ ಮೇಲಿನ ಸೋಮವಾರ ಬೆಳಿಗ್ಗೆ ಆಪರೇಶನ್ ಎಂದು ನಿಗದಿಯಾಯಿತು.

ಖಂಡೆಪೂಜೆಯ ದಿನ ಅಪಾರ್ಟ್‌ಮೆಂಟಿನ ಕೆಳಗೆ ವಾಹನ ನಿಲ್ಲಿಸುವ ಸೆಲ್ಲಾರಿನಲ್ಲಿ ಕಾರಿಗೆ ಪೂಜೆ. ಉಳಿದವರೆಲ್ಲ ಬಾನೆಟ್ಟಿನ ಮೇಲೆ ಹಾರ ಹಾಕಿ, ಗಾಲಿಗೆ ನಿಂಬೆಹಣ್ಣು ಇಟ್ಟು ಮುಗಿಸಿದರು. ಅಕ್ಕ ಮಾತ್ರ ಬಾನೆಟ್ ತೆರೆಸಿದಳು. ದುಡಿಯುವುದು ಒಳಗಿದ್ದಾಗ ಹೊರಗಿನ ತಗಡಿಗೆ ಪೂಜೆ ಮಾಡಿ ಏನು ಬಂತು ಎಂಬುದು ಅವಳ ವಾದ. ಅರಿಶಿನದ ಅಕ್ಷತೆ ತೂರಿದಳು, ಕುಂಕುಮ ಹಚ್ಚಿದಳು, ಕಾಯಿ ಒಡೆದಳು. ನಾನು ಮೊಬೈಲ್ ಹಿಡಿದು ಫೋಟೋ ತೆಗೆಯುವ ಗಡಿಬಿಡಿಯಲ್ಲಿದ್ದೆ.

“ಶಿವೂ, ಇದರ ಬಾಯಿ ಎಲ್ಲಿ ಐತೋ?” ಎಂದಳು.

“ಅಲ್ಲೇ ಐತಿ ನೋಡಕ್ಕಾ,” ಎಂದೆ, ಅವಳ ಮುಖ ಫೋಟೋದಲ್ಲಿ ಸರಿಯಾಗಿ ಕೂರಲಿ ಎಂದು ಒಂದು ಹೆಜ್ಜೆ ಹಿಂದೆ ಸರಿಯುತ್ತ.

ಎರಡು ದಿನ ಬಿಟ್ಟು ಕಾರು ಕೆಮ್ಮತೊಡಗಿತು. ಸಿಗ್ನಲ್ಲಿನಲ್ಲಿ ನಿಂತರೆ ಗಡಗಡ ನಡುಗುತ್ತದೆ, ಏರಿನಲ್ಲಿ ಮುಗ್ಗರಿಸುತ್ತದೆ. “ಏನಂತೀರಿ?” ಎಂದು ಸುನಂದಾ ಕೇಳಿದಳು. ಪೆಟ್ರೋಲು ಸರಿಯಿಲ್ಲ ಎಂದು ನಾನು ಗಂಭೀರವಾಗಿ ಅಭಿಪ್ರಾಯ ಕೊಟ್ಟೆ. ನಮ್ಮ ಗಲ್ಲಿಯ ಯಾದಗಿರಿ ಎಂಬ ಮೆಕ್ಯಾನಿಕ್ ದಸರೆಗೆಂದು ತನ್ನ ಊರಿಗೆ ಹೋದವನು ಇನ್ನೂ ಬಂದಿರಲಿಲ್ಲ. ದಸರೆಗೆ ಊರಿಗೆ ಹೋದ ತೆಲಂಗಾಣದ ಮನುಷ್ಯನನ್ನು ಯಾರೂ ಅವಸರಪಡಿಸಿ ಕರೆಸಲಾರರು. ಫೋನಿನಲ್ಲೇ ಎಂಜಿನ್ನಿನ ಸದ್ದು ಕೇಳಿಸಿದೆ. “ಪ್ಲಗ್ ಸಾರ್,” ಎಂದ, ಒಂದೇ ಮಾತು. ಬೇರೆ ಮೆಕ್ಯಾನಿಕ್ಕನನ್ನು ಹುಡುಕಬಹುದಿತ್ತು. ಆದರೆ ಕ್ಯಾಟಲಾಗ್ ಓದಿದವನಿಗೆ ಪ್ಲಗ್ ಬದಲಿಸುವುದು ದೊಡ್ಡದೇ? ಹೊಸ ಪ್ಲಗ್ ನಾಲ್ಕು, ಅವನ್ನು ಬಿಚ್ಚಿ ಬಿಗಿಯುವ ಒಂದು ಉದ್ದ ಪಾನಾ ತಂದುಕೊಂಡೆ.

ಸ್ಪಾರ್ಕ್ ಪ್ಲಗ್ ಎಂದರೆ ಎಂಜಿನ್ನಿನೊಳಗೆ ಕಿಡಿ ಹಚ್ಚುವ, ಬೆರಳಿನ ಗಾತ್ರದ ಒಂದು ವಸ್ತು. ನಮ್ಮ ಕಾರಿನಲ್ಲಿ ನಾಲ್ಕಿವೆ. ಒಂದೊಂದೂ ಅರ್ಧ ಗೇಣು ಆಳದ ಸಣ್ಣ ಬಾವಿಯ ತಳದಲ್ಲಿ ಕೂತಿರುತ್ತದೆ. ಮೊದಲ ಮೂರು ಬಾವಿಗಳು ಕೈಗೂ ಕಣ್ಣಿಗೂ ಸಿಗುತ್ತವೆ. ನಾಲ್ಕನೆಯದು ಮಾತ್ರ ಮುಂದಿನ ಗಾಜಿನ ಬುಡದಲ್ಲಿ, ಒಂದು ದಪ್ಪ ಗಾಳಿ ಕೊಳವೆಯ ಅಡಿಯಲ್ಲಿ ಅವಿತುಕೊಂಡಿದೆ. ಅದನ್ನು ಅಲ್ಲಿಟ್ಟ ಎಂಜಿನಿಯರು ಮನೆಯಲ್ಲಿ ಯಾರೊಂದಿಗೋ ಜಗಳವಾಡಿ ಬಂದಿರಬೇಕು.

ಶನಿವಾರ ಸಂಜೆ ಆ ನಾಲ್ಕನೆಯ ಬಾವಿಯ, ಅಂಚು ಬಿರುಕು ಬಿಟ್ಟಿದ್ದ ಮುಚ್ಚಳ ಹೇಗೋ ಕಿತ್ತು, ಮೊಬೈಲನ್ನು ಓರೆ ಹಿಡಿದು ಬೆಳಕು ಬಿಟ್ಟು ನೋಡಿದೆ. ತಳದಲ್ಲಿ ನೀರು. ನೀರಿನಲ್ಲಿ ಊದಿಕೊಂಡ ಹಳದಿ ಅಕ್ಕಿಕಾಳು. ಕೆಳಗೆ ತುಕ್ಕು. ಅದೇ ಮೊಬೈಲಿನಲ್ಲಿ ಪೂಜೆಯ ಫೋಟೋ ತೆರೆದು ದೊಡ್ಡದು ಮಾಡಿದೆ. ಅಕ್ಕನ ಭಕ್ತಿಯ ಮುಖ, ಕೈಯಲ್ಲಿ ಕಾಯಿಯ ಹೋಳು, ಅದರಿಂದ ಇಳಿಯುತ್ತಿರುವ ನೀರಿನ ಸಣ್ಣ ಧಾರೆ, ಆ ಧಾರೆ ಗಾಳಿ ಕೊಳವೆಯ ಮೇಲಿಂದ ಜಾರುವ ಕಡೆ ಸರಿಯಾಗಿ ನಾಲ್ಕನೆಯ ಬಾವಿ. ಈ ಫೋಟೋವನ್ನು ನಾನೇ ಮನೆಯವರ ಗ್ರೂಪಿಗೆ ಕಳಿಸಿ ಎಲ್ಲರಿಂದ ಹೊಗಳಿಸಿಕೊಂಡಿದ್ದೆ.

ಮೇಲೆ ಹೋಗಿ ಸುನಂದಾಳಿಗೆ ಪಿಸುಗುಟ್ಟಿದೆ. ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. “ಅಕ್ಕಾರಿಗೆ ಗೊತ್ತಾದ್ರ ಮುಗೀತ್ರಿ,” ಎಂದಳು.

ಯಾಕೆ ಮುಗಿಯಿತು ಎಂದು ನಿಮಗೆ ಹೇಳಬೇಕು. ಈ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಅಕ್ಕ ಬಂದಿದ್ದಾಗ ಸುನಂದಾಳ ತವರಿನ ಉಪ್ಪಿನಕಾಯಿಯ ಭರಣಿ ಅಕ್ಕನ ಕೈಜಾರಿ ಒಡೆಯಿತು. ಯಾರೂ ಒಂದು ಮಾತು ಅನ್ನಲಿಲ್ಲ. ಅಕ್ಕನೂ ನೆಲ ಒರೆಸಿ ಸುಮ್ಮನಾದಳು. ಮರುದಿನ ಬೆಳಿಗ್ಗೆ ನೋಡಿದರೆ ಅವಳೂ ಇಲ್ಲ, ಅವಳ ಚೀಲವೂ ಇಲ್ಲ. ನಮ್ಮ ಕಡೆಯ ಬಸ್ಸುಗಳು ಕೂಕಟ್‌ಪಲ್ಲಿಯ ಮುಖ್ಯರಸ್ತೆಯಲ್ಲೇ ಹಾಯುತ್ತವೆ, ಕೈ ಮಾಡಿದರೆ ಸಾಕು. ಮಧ್ಯಾಹ್ನ ಜಹೀರಾಬಾದಿನಿಂದ ಫೋನು: “ಸಿಟ್ಟಿಲ್ಲೋ ತಮ್ಮಾ. ನನ್ನ ಕೈಲೆ ನಿನ್ನ ಮನ್ಯಾಗ ಇನ್ನೊಂದು ಹಾಳಾಗೂದು ಬ್ಯಾಡ.” ಆಮೇಲೆ ಆರು ವರ್ಷ ಅವಳು ಬರಲಿಲ್ಲ. ಬರುವವರ ಕೈಯಲ್ಲೆಲ್ಲ ಉಪ್ಪಿನಕಾಯಿಯ ಭರಣಿ ಕಳಿಸುತ್ತಿದ್ದಳು. ನಾವು ಇಬ್ಬರೇ, ಭರಣಿ ಹದಿನಾಲ್ಕು.

ಭರಣಿಗೇ ಆರು ವರ್ಷವಾದರೆ ಕಾರಿಗೆ ಎಷ್ಟು? ಆಸ್ಪತ್ರೆಗೆ ಹೋಗಲು ಆಟೋ ಸಿಗದ ಊರಲ್ಲ ಇದು. ಆದರೆ ಕಾರು ಯಾಕೆ ಬೇಡ ಎಂದು ಅಕ್ಕ ಕೇಳುತ್ತಾಳೆ. ಕೇಳಿದರೆ ನನ್ನ ಮುಖ ಹೇಳಿಬಿಡುತ್ತದೆ. ಅವಳು ಬಸ್ಸು ಹತ್ತುತ್ತಾಳೆ, ಕಣ್ಣು ಹೋಗುತ್ತದೆ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ನನ್ನನ್ನು ಬೆಳೆಸಿದ ಕಣ್ಣುಗಳು ಅವು.

ಅಂದೇ ಬಾವಿಯ ನೀರನ್ನು ಬಟ್ಟೆಯ ಬತ್ತಿಯಿಂದ ಹೀರಿ ತೆಗೆದು, ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟೆ. ಭಾನುವಾರ ಬೆಳಿಗ್ಗೆ ಸುನಂದಾ ಅಕ್ಕನ ಮುಂದೆ ಮೆಂತೆಸೊಪ್ಪಿನ ರಾಶಿ ಸುರಿದು ಕೂರಿಸಿದಳು. ನಾನು “ಸರ್ವಿಸಿಂಗ್” ಎಂದು ಹೇಳಿ ಸೆಲ್ಲಾರಿಗೆ ಇಳಿದೆ. ಉಳಿದ ಅಕ್ಕಿಕಾಳು ಎಂಜಿನ್ನಿನೊಳಗೆ ಬೀಳಬಾರದಲ್ಲ, ಅದಕ್ಕೆ ಹಳೆಯ ಏರ್ ಕೂಲರಿನಿಂದ ಒಂದು ತುಂಡು ರಬ್ಬರ್ ಪೈಪು ಕತ್ತರಿಸಿ, ಬಾವಿಗೆ ಇಳಿಬಿಟ್ಟು ಜೋರಾಗಿ ಊದಿದೆ. ಅಕ್ಷತೆಯೆಲ್ಲ ಚಿಮ್ಮಿ ನನ್ನ ತಲೆಯ ಮೇಲೆಯೇ ಬಿತ್ತು. ಮದುವೆಯಾದ ಮೇಲೆ ಅಷ್ಟು ಅಕ್ಷತೆ ನನ್ನ ಮೇಲೆ ಬಿದ್ದದ್ದು ಅದೇ ಮೊದಲು.

ಹಳೆಯ ಪ್ಲಗ್ಗು ಕಿರ್ ಎಂದು ಅಳುತ್ತ ಹೊರಬಂತು. ಮೊದಲ ಮೂರು ಹೊಸವು ಸಲೀಸಾಗಿ ಕೂತವು. ನನ್ನ ಎದೆ ಉಬ್ಬಿತು. ನಾಲ್ಕನೆಯದನ್ನು ಪಾನಾಕ್ಕೆ ಸಿಕ್ಕಿಸಿ ಇಳಿಸಿ ತಿರುಗಿಸಿದರೆ ಅಡ್ಡ ಕೂತು ಬಿಗಿಯಿತು. ತೆಗೆದು ಮತ್ತೆ ಹಾಕಿದೆ, ಮತ್ತೆ ಅಡ್ಡ. ಯಾದಗಿರಿಗೆ ಫೋನು ಮಾಡಿದೆ. “ಪಾನಾ ವದ್ದು ಸಾರ್, ಚೇತ್ತೋ ತಿಪ್ಪಂಡಿ,” ಎಂದು ಅವನು ಗಾಬರಿಯಾದ. ಪಾನಾ ಬೇಡ, ಕೈಯಿಂದ ತಿರುಗಿಸಿ. ರಬ್ಬರ್ ಪೈಪಿನ ತುದಿಗೆ ಪ್ಲಗ್ಗನ್ನು ಸಿಕ್ಕಿಸಿ ಇಳಿಸಬೇಕಂತೆ, ಬೆರಳಿನಲ್ಲೇ ಹಗುರವಾಗಿ ತಿರುಗಿಸಬೇಕಂತೆ. ಬಲ ಹಾಕಿ ಒಳಗಿನ ಥ್ರೆಡ್ಡು, ಅಂದರೆ ತಿರುಪಿನ ಗೀರು, ಕಿತ್ತುಹೋದರೆ ಎಂಜಿನ್ನಿನ ತಲೆಯನ್ನೇ ಬಿಚ್ಚಬೇಕು, ಹದಿನೈದು ದಿನ ಕಾರು ಮರೆತುಬಿಡಿ ಎಂದ.

ಪೈಪಿಗೆ ಪ್ಲಗ್ಗು ಬಿಗಿಯಾಗಿ ಕೂತಿತು. ಆದರೆ ಅದನ್ನು ಹಿಡಿದ ಕೈ ಗಾಳಿ ಕೊಳವೆಯ ಅಡಿಗೆ ಹೋಗಬೇಕು. ಇಪ್ಪತ್ತೇಳು ವರ್ಷ ಕುರ್ಚಿಯ ಮೇಲೆ ಕೂತು ದಪ್ಪಗಾದ ಕೈ ನನ್ನದು. ಒತ್ತಿದೆ, ನೂಕಿದೆ, ಮುಂಗೈ ತರಚಿತು, ಕೊನೆಗೆ ಕೈ ಒಳಗೆ ಹೋಯಿತು. ಹೋದದ್ದು ಹೋಯಿತು, ಬರಲೊಲ್ಲದು. ಬೆರಳು ಆಡಿಸಲೂ ಬಾರದು. ಹೀಗೆ ಬಾನೆಟ್ಟಿನೊಳಗೆ ಬಾಗಿ, ಕಾರಿನ ಕೈಹಿಡಿದು ನಿಂತಿದ್ದಾಗ ಹಿಂದಿನಿಂದ ಸುಸಲಾದ ಒಗ್ಗರಣೆಯ ವಾಸನೆ ಬಂತು. ಸುನಂದಾ ಸ್ನಾನಕ್ಕೆ ಹೋದದ್ದೇ ತಡ, ಅಕ್ಕ ಚುರುಮುರಿ ನೆನೆಸಿ ಒಗ್ಗರಣೆ ಹಾಕಿ ತಟ್ಟೆಯಲ್ಲಿ ಹಿಡಿದುಕೊಂಡು, ಗೋಡೆ ಸವರುತ್ತ ಕೆಳಗೆ ಬಂದಿದ್ದಳು.

“ಹಿಂಗ್ಯಾಕ ನಿಂತೀಯೋ ಶಿವೂ?”

“ಸರ್ವಿಸಿಂಗ್ ಅಕ್ಕಾ.”

“ಸರ್ವಿಸಿಂಗ್ ಅಂದ್ರ ಒಳಗ ಕೈ ಇಟ್ಕೊಂಡ ನಿಂದ್ರೂದನು?”

ಕೈ ಸಿಕ್ಕಿಕೊಂಡ ಸ್ಥಿತಿಯಲ್ಲಿ ಸುಳ್ಳು ಹೇಳುವುದು ಬಹಳ ಕಷ್ಟ. “ಕೈ ಸಿಕ್ಕೈತಿ,” ಎಂದೆ. ಅವಳು ತಟ್ಟೆ ಪಕ್ಕಕ್ಕಿಟ್ಟು ನನ್ನ ಮೊಣಕೈ ಹಿಡಿದಳು. “ಬಿಗಿ ಹಿಡೀಬ್ಯಾಡ. ಹೆಬ್ಬೆಟ್ಟು ಒಳಗ ಮಡಚು, ಬಳಿ ಇಡಿಸ್ಕೊಳ್ಳೂವಾಗ ಮಡಚತೀವಲ್ಲ, ಹಂಗ,” ಎಂದಳು. ನಾನು ಬಳೆ ಇಡಿಸಿಕೊಂಡವನಲ್ಲ, ಆದರೂ ಮಡಚಿದೆ. ಕೈ ಹೊರಬಂತು.

“ಏನ್ ಹಾಕಬೇಕಾಗೇತಿ ಅಲ್ಲಿ? ತಾ ಇಲ್ಲೆ.”

ಬೇಡ ಎನ್ನುವಷ್ಟರಲ್ಲಿ ಅಕ್ಕ ಬಳೆಗಳನ್ನು ಮೊಣಕೈಯತ್ತ ಸರಿಸಿ, ಸೆರಗು ಸಿಕ್ಕಿಸಿ, ಪೈಪು ಇಸಿದುಕೊಂಡಿದ್ದಳು. ಅವಳ ಸಣ್ಣ ಕೈ ಕೊಳವೆಯ ಅಡಿ ಸರಾಗವಾಗಿ ಹೋಯಿತು. ಅವಳು ಕಣ್ಣು ಮುಚ್ಚಿಕೊಂಡಳು. ಅಲ್ಲಿ ಕಣ್ಣಿಗೆ ಕೆಲಸವೂ ಇರಲಿಲ್ಲ. ಬೆರಳುಗಳು ಪೈಪನ್ನು ತಿರುಗಿಸತೊಡಗಿದವು, ಎಡಕ್ಕೆ.

“ಅಕ್ಕಾ, ಅದು ಬಿಚ್ಚೂ ಕಡೆ.”

“ಗೊತ್ತೈತಿ, ಸುಮ್ಮನಿರು. ಡಬ್ಬಿ ಮುಚ್ಚಳಾ ಅಡ್ಡ ಕುಂತ್ರ ಏನ್ ಮಾಡತಾರ? ಮೊದಲ ಹಿಂದಕ್ಕ ತಿರುವತಾರ. ಅದು ತನ್ನ ಹಾದಿ ಸಿಕ್ಕಿದ ಕೂಡಲೇ ಟಕ್ ಅಂತ ಇಳೀತೈತಿ. ಆಮ್ಯಾಲ ಮುಂದಕ್ಕ.” ಹಿಂದಕ್ಕೆ ಇನ್ನೂ ಅರ್ಧ ಸುತ್ತು ತಿರುಗಿಸಿದಳು. “ಹಾಂ. ಇಳೀತ ನೋಡು,” ಎಂದು ಬಲಕ್ಕೆ ತಿರುಗಿಸಿದಳು. ಒಂದು ಸುತ್ತು, ಎರಡು ಸುತ್ತು, ಬೆಣ್ಣೆಯೊಳಗೆ ಬೆರಳು ಇಳಿದಂತೆ ಪ್ಲಗ್ಗು ಇಳಿಯಿತು.

ಪಾನಾದಿಂದ ಕೊನೆಯ ಬಿಗಿ ಮಾತ್ರ ನಾನು ಕೊಟ್ಟೆ. ಮುಚ್ಚಳ ಹಾಕಿ ಚಾವಿ ತಿರುಗಿಸಿದಾಗ ಎಂಜಿನ್ನು ನಡುಗದೆ, ಕೆಮ್ಮದೆ ಓಡಿತು. ಅಕ್ಕ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, “ಚಲೋ ಓಡಾಕತ್ತೈತಿ,” ಎಂದಳು. ಆಮೇಲೆ ಹೊರಡುವ ಮುನ್ನ, ಚಿಕ್ಕಂದಿನಲ್ಲಿ ಹೇನು ಹುಡುಕುತ್ತಿದ್ದ ಹಾಗೆ ನನ್ನ ಕೂದಲೊಳಗೆ ಬೆರಳಾಡಿಸಿ ಏನನ್ನೋ ಆರಿಸಿ ತೆಗೆದಳು. ಒಂದು ಅಕ್ಕಿಕಾಳು. ಬೆರಳುಗಳ ನಡುವೆ ಅದನ್ನು ಹೊರಳಿಸಿದಳು.

“ಪೂಜಿದು ಇರಬೇಕು,” ಎಂದೆ ಅವಸರದಲ್ಲಿ. ನಡುವೆ ಒಂಬತ್ತು ದಿನ, ಒಂಬತ್ತು ಸ್ನಾನ ಆಗಿದ್ದವು ಎಂಬುದು ಆಗ ಹೊಳೆಯಲಿಲ್ಲ. ಅವಳು ಹೂಂ ಎಂದು ಗೋಡೆ ಸವರುತ್ತ ಮೇಲೆ ಹೋದಳು.

ಸುನಂದಾಳ ಮುಂದೆ ಆ ದಿನ ನಾನು ಮಾಡಿದ ಜಂಭ ಇಲ್ಲಿ ಬರೆಯುವಂಥದ್ದಲ್ಲ. ಸಂಜೆ ಅಕ್ಕನ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟಿತ್ತು, ಅಕ್ಕ ಅದರ ಪಕ್ಕದಲ್ಲಿ ಕೂತಿದ್ದಳು. ಆಸ್ಪತ್ರೆಗೆ ಈಗಲೇ ತಯಾರಾಗಿದ್ದಾಳೆ ಎಂದು ನನಗೆ ಖುಷಿಯೋ ಖುಷಿ. ಚೀಲ ಎತ್ತಿಕೊಂಡು ಹೋಗಿ ಕಾರಿನ ಡಿಕ್ಕಿಯಲ್ಲಿಟ್ಟು, ಚಾವಿ ಆಡಿಸುತ್ತ ವಾಪಸು ಬಂದೆ. “ನಾಳೆ ನಮ್ಮ ಕಾರಿನ್ಯಾಗ ರಾಣಿ ಹಂಗ ಹೋಗೂಣು,” ಎಂದೆ. ಅಕ್ಕ ನನ್ನ ಕಡೆ ಸ್ವಲ್ಪ ಹೊತ್ತು ನೋಡಿದಳು. ಎದ್ದು ರೊಟ್ಟಿ ಬಡಿಯಲು ಹೋದಳು.

ಸೋಮವಾರ ಒಂದು ಕಣ್ಣು, ತಿಂಗಳು ಬಿಟ್ಟು ಇನ್ನೊಂದು. ಎರಡೂ ಚೆನ್ನಾಗಿ ಆದವು. ಪಟ್ಟಿ ಬಿಚ್ಚಿದಾಗ ಅವಳು ಮೊದಲು ಹೇಳಿದ್ದು ನನಗೆ ಇಷ್ಟು ಬೆಳ್ಳಿಗೂದಲು ಯಾವಾಗ ಬಂತು ಎಂದು.

ಈ ಸಲದ ದಸರೆಗೆ ಅಕ್ಕ ಯಾರೂ ಕರೆಯದೆ ತಾನೇ ಬಂದಳು. ಖಂಡೆಪೂಜೆಯ ದಿನ ಸೆಲ್ಲಾರಿನಲ್ಲಿ, “ಬಾನೆಟ್ ತಗೀ,” ಎಂದಳು. ಸುನಂದಾ ನನ್ನ ತೋಳು ಚಿವುಟಿದಳು. ಅಕ್ಕ ಎಂಜಿನ್ನಿಗೆ ದೂರದಿಂದಲೇ ಕೈಮುಗಿದು, ಉಪಕರಣದ ಡಬ್ಬಿಯಿಂದ ಆ ರಬ್ಬರ್ ಪೈಪು ಹುಡುಕಿ ತೆಗೆದು ತಟ್ಟೆಯಲ್ಲಿಟ್ಟು, ಅದಕ್ಕೆ ಕುಂಕುಮ, ಅದಕ್ಕೆ ಅಕ್ಷತೆ ಇಟ್ಟಳು; ಅವತ್ತೇ ಅದು ದೇವರ ಜಗಲಿ ಏರಿತು. ಕಾಯಿಯನ್ನು ಗೇಟಿನ ಹೊರಗೆ ಕಲ್ಲಿಗೆ ಬಡಿದು, ನೀರು ಚೆಲ್ಲದಂತೆ ಹೋಳನ್ನು ಅಂಗೈಯಲ್ಲಿ ಹಿಡಿದು ನನ್ನ ಹತ್ತಿರ ತಂದಳು.

“ಹಿಡಿ. ಈ ವರ್ಷ ಮೊದಲ ನೀ ಕುಡಿ. ಅದಕ್ಕ ಒಗ್ಗೂದಿಲ್ಲ.”

ಐವತ್ತು ವರ್ಷದಿಂದ ನಾನು ಕಾಯುತ್ತಿದ್ದ ನೀರು ಕೈಯಲ್ಲಿತ್ತು, ಕುಡಿಯಲು ಆಗಲಿಲ್ಲ. “ನಿನಗ ಯಾವಾಗ ಗೊತ್ತಾತಕ್ಕಾ?” ಎಂದೆ.

“ನಿನ್ನ ತಲ್ಯಾಗಿನ ಅಕ್ಕಿಕಾಳ ತಗದ್ನಲ್ಲ, ಆವಾಗ. ಎಣ್ಣಿ ಹತ್ತಿತ್ತು. ದೇವರ ಅಕ್ಷತಿಗೆ ಗಾಡಿ ಎಣ್ಣಿ ಹೆಂಗ ಹತ್ತತೈತೋ?”

“ಮತ್ತ ಊರಿಗೆ ಹೋಗಲಿಲ್ಲಲ್ಲ ನೀ.”

“ಚೀಲಾ ಕಟ್ಟಿ ಬಾಗಿಲದಾಗ ಕುಂತಿದ್ನೋ ಹುಚ್ಚಾ, ಸಂಜಿ ಬಸ್ಸಿಗೆ. ನೀ ಬಂದು ಅದನ್ನ ಎತ್ಕೊಂಡು ಹೋಗಿ ಕಾರಿನ್ಯಾಗ ಇಟ್ಟಿ.” ಅಕ್ಕ ಸೆರಗಿನಿಂದ ನನ್ನ ಹಣೆಯ ಬೆವರು ಒರೆಸಿದಳು. “ಆಗ ನನ್ನ ಕಣ್ಣಿಗೆ ಏನೂ ನೆಟ್ಟಗ ಕಾಣತಿದ್ದಿಲ್ಲ. ನಿನ್ನ ಮಾರಿ ಮ್ಯಾಲಿನ ಖುಷಿ ಮಾತ್ರ ಕಾಣಿಸ್ತು. ಅದನ್ನ ಒಡದು ಹೆಂಗ ಹೋಗ್ಲಿ?”